ಬಾನೆಟ್ಟಿನ ಸದ್ದು ಹುಟ್ಟುವ ಜಾಗ

ಹಳೆಯ ಕಾರುಗಳ ಜೀರ್ಣೋದ್ಧಾರದಲ್ಲಿ ಎಂಜಿನ್ನಿಗೂ ಬಣ್ಣಕ್ಕೂ ಸಿಗುವ ಗಮನ ಬಾನೆಟ್ಟಿಗೆ, ಅಂದರೆ ಎಂಜಿನ್ನನ್ನು ಮುಚ್ಚುವ ಮುಂಭಾಗದ ತಗಡಿನ ಹೊದಿಕೆಗೆ, ಸಿಗುವುದಿಲ್ಲ. ಆದರೂ ಕಾರು ರಸ್ತೆಗಿಳಿದಾಗ ಅದರ ವಯಸ್ಸನ್ನು ಮೊದಲು ಹೊರಗೆಡಹುವುದು ಈ ಹೊದಿಕೆಯ ಗಡಗಡ ಸದ್ದೇ. ಆ ಸದ್ದಿನ ಮೂಲವನ್ನು ಹುಡುಕಿ ಸರಿಪಡಿಸುವ ಕೆಲಸಕ್ಕೆ ಟಿಂಕರಿಂಗ್, ಲೇತು, ರಬ್ಬರು ಎಂಬ ಮೂರು ಕಸುಬುಗಳ ತಿಳಿವಳಿಕೆ ಬೇಕು. ತಗಡನ್ನು ಸುತ್ತಿಗೆಯಿಂದ ತಟ್ಟಿ ಆಕಾರಕ್ಕೆ ತರುವ ಕೆಲಸವನ್ನು ಗ್ಯಾರೇಜಿನ ಮಾತಿನಲ್ಲಿ ಟಿಂಕರಿಂಗ್ ಎನ್ನುತ್ತಾರೆ. ರಾಜಾಜಿನಗರದ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಆಸುಪಾಸಿನಲ್ಲಿ ಸಣ್ಣ ಯಂತ್ರಾಗಾರಗಳು ಒತ್ತೊತ್ತಾಗಿ ಬೆಳೆದಿರುವುದರಿಂದ, ಪಶ್ಚಿಮ ಬೆಂಗಳೂರಿನಲ್ಲಿ ಈ ಮೂರೂ ಕಸುಬುಗಳು ಪರಸ್ಪರ ಹತ್ತಿರದಲ್ಲೇ ದೊರೆಯುತ್ತವೆ.

ಈ ಸಮಸ್ಯೆಯನ್ನು ಅರಿಯಲು ಸ್ಟ್ಯಾಂಡರ್ಡ್ ಹೆರಾಲ್ಡ್‌ಗಿಂತ ಒಳ್ಳೆಯ ಉದಾಹರಣೆ ಭಾರತದಲ್ಲಿ ಇಲ್ಲ. ಇಟಲಿಯ ವಿನ್ಯಾಸಕಾರ ಜೊವಾನಿ ಮಿಕೆಲೊಟ್ಟಿ ರೂಪಿಸಿದ ಟ್ರಯಂಫ್ ಹೆರಾಲ್ಡ್ 1959ರಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾಯಿತು. ಅದನ್ನೇ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ 1971ರವರೆಗೆ ಇಲ್ಲಿ ತಯಾರಿಸಿತು. ಇಂಗ್ಲೆಂಡಿನಲ್ಲಿ ಎಂದೂ ಮಾರಾಟವಾಗದ ನಾಲ್ಕು ಬಾಗಿಲಿನ ಹೆರಾಲ್ಡ್ ಕೂಡ ಇಲ್ಲಿ ಹೊರಬಂತು. ಹೆರಾಲ್ಡ್‌ನ 91.5 ಅಂಗುಲದ ಚಕ್ರಾಂತರವನ್ನು, ಅಂದರೆ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರವನ್ನು, 83 ಅಂಗುಲಕ್ಕೆ ತಗ್ಗಿಸಿ ಅದೇ ಬಗೆಯ ಚಾಸಿಯ ಮೇಲೆ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಕಟ್ಟಲಾಯಿತು. ಬಾನೆಟ್ಟಿನ ಮಟ್ಟಿಗೆ ಇವೆರಡೂ ಒಡಹುಟ್ಟಿದವು; ಒಂದರ ರೋಗಕ್ಕೆ ಹಿಡಿದ ಮದ್ದು ಇನ್ನೊಂದಕ್ಕೂ ನಾಟುತ್ತದೆ.

ಸಾಮಾನ್ಯ ಕಾರುಗಳಲ್ಲಿ ಬಾನೆಟ್ ಎಂದರೆ ಎರಡು ಮಡ್ಗಾರ್ಡುಗಳ ನಡುವಿನ ಮುಚ್ಚಳ ಮಾತ್ರ. ಹೆರಾಲ್ಡ್‌ನಲ್ಲಾದರೋ ಮಡ್ಗಾರ್ಡು, ಹೆಡ್‌ಲೈಟು, ಗ್ರಿಲ್ಲು ಎಲ್ಲವನ್ನೂ ಒಳಗೊಂಡ ಇಡೀ ಮೂತಿಯೇ ಮುಂದಿನ ತುದಿಯ ಕೀಲುಗಳ ಮೇಲೆ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಹೀಗೆ ತೆರೆದಾಗ ಮೆಕ್ಯಾನಿಕ್ಕು ಮುಂದಿನ ಟೈರಿನ ಮೇಲೆಯೇ ಕುಳಿತು ಕಾರ್ಬ್ಯುರೇಟರನ್ನು ಬಿಚ್ಚಬಹುದಾದಷ್ಟು ಜಾಗ ಸಿಗುತ್ತದೆ. ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೇ ಸದ್ದು. ಬಾನೆಟ್ಟಿನ ಮುಂತುದಿಯನ್ನು ಚಾಸಿಗೆ ಬಿಗಿಯಲಾಗಿದೆ; ಹಿಂತುದಿ ಮಾತ್ರ ಡ್ಯಾಷ್‌ಗೋಡೆಯ ಬಳಿ, ಅಂದರೆ ಎಂಜಿನ್ನಿಗೂ ಸವಾರರಿಗೂ ನಡುವಿನ ತಗಡಿನ ಗೋಡೆಯ ಬಳಿ, ಶಂಕುವಿನಾಕಾರದ ರಬ್ಬರುಗಳ ಆಸರೆಯಲ್ಲಿ ನಿಂತು, ಎರಡೂ ಪಕ್ಕದ ಕೊಕ್ಕೆ ಚಿಲಕಗಳಿಂದ ಬಂಧಿತವಾಗಿರುತ್ತದೆ. ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಬಾಡಿಗೆ ಸೇರಿರುವ ಈ ಏರ್ಪಾಡಿನಲ್ಲಿ ಚಾಸಿಗೂ ಬಾಡಿಗೂ ನಡುವೆ ಆಗುವ ಅಲ್ಪ ಚಲನೆಯನ್ನೂ ಬಾನೆಟ್ಟೇ ನುಂಗಿಕೊಳ್ಳಬೇಕಾಗುತ್ತದೆ. ಬಸವೇಶ್ವರನಗರದ ಒಳರಸ್ತೆಗಳ ಹಂಪಿನ ಮೇಲೆ ಕಾರನ್ನು ಓರೆಯಾಗಿ ಹತ್ತಿಸಿ, ಒಂದೇ ಚಕ್ರ ಮೇಲಿದ್ದಾಗ ಬಾನೆಟ್ಟಿಗೂ ಬಾಗಿಲಿಗೂ ನಡುವಿನ ಸಂದನ್ನು ಎಡಬಲ ಹೋಲಿಸಿ ನೋಡಿದವರಿಗೆ ಇದು ಕಣ್ಣಿಗೇ ಕಾಣುತ್ತದೆ.

ಆದ್ದರಿಂದ ಸದ್ದು ಕೇಳಿಸುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು ಎಂಬುದನ್ನು ಈ ಕಸುಬಿನ ಮೊದಲ ಪಾಠವೆಂದು ತಿಳಿಯಬೇಕು. ತಗಡು ತಬಲೆಯ ಚರ್ಮದಂತೆ ಸದ್ದನ್ನು ಹಿಗ್ಗಿಸಿ ಹರಡುತ್ತದೆ. ಬಲಗಡೆಯ ಚಿಲಕದ ಸಡಿಲ ಎಡಗಡೆಯ ಹೆಡ್‌ಲೈಟಿನ ಬಳಿ ಕೇಳಿಸಿದರೆ ಆಶ್ಚರ್ಯವಿಲ್ಲ. ಪರಿಣತರು ಮೊದಲು ಸ್ಪ್ಯಾನರ್ ಮುಟ್ಟದೆ ಸದ್ದಿನ ಜಾತಿಯನ್ನು ಬೇರ್ಪಡಿಸುತ್ತಾರೆ. ನಿಂತಲ್ಲೇ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ನಿನ ವೇಗವನ್ನು ನಿಧಾನವಾಗಿ ಏರಿಸಿದಾಗ ಯಾವುದೋ ಒಂದು ವೇಗದಲ್ಲಿ ಮಾತ್ರ ಗುಂಯ್ ಎಂದು ಮೊಳಗಿ, ಅದನ್ನು ದಾಟಿದೊಡನೆ ಅಡಗುವ ಸದ್ದು ಅನುರಣನದ್ದು: ತಗಡಿನ ಸಹಜ ಕಂಪನಕ್ಕೂ ಎಂಜಿನ್ನಿನ ಕಂಪನಕ್ಕೂ ತಾಳ ಕೂಡಿದಾಗ ಹುಟ್ಟುವಂಥದ್ದು. ಕಾರು ಗುಂಡಿಗೆ ಇಳಿದಾಗ ಮಾತ್ರ ದಬ್ ಎನ್ನುವುದು ಶಂಕು ರಬ್ಬರು ಸೊರಗಿದ್ದರಿಂದ. ಸಣ್ಣ ಕಲ್ಲುಹಾಸಿನ ಮೇಲೂ ಕಟಕಟ ಎನ್ನುತ್ತಿದ್ದರೆ ಚಿಲಕ ಅಥವಾ ಕೀಲಿನ ಬುಷ್, ಅಂದರೆ ಕೀಲಿನ ಮೊಳೆ ತಿರುಗುವ ಒಳಗೊಳವೆ, ಸವೆದಿರುತ್ತದೆ. ನಂಬರ್ ಪ್ಲೇಟು, ಹೆಡ್‌ಲೈಟಿನ ಬಳೆ, ಗ್ರಿಲ್ಲಿನ ಸ್ಕ್ರೂಗಳನ್ನು ಒಂದೊಂದಾಗಿ ಟೇಪಿನಿಂದ ಕಟ್ಟಿ ಪರೀಕ್ಷಿಸಿದರೆ ಅವುಗಳ ಪಾಲು ತೀರ್ಮಾನವಾಗುತ್ತದೆ.

ಇಷ್ಟಾದ ಮೇಲೆ ಬರುವುದು ಕಾಗದದ ಪರೀಕ್ಷೆ. ಕನ್ನಡ ದಿನಪತ್ರಿಕೆಯೊಂದರ ಅಂಚನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಬಾನೆಟ್ಟು ರಬ್ಬರಿನ ಮೇಲೆ ಕೂರುವ ಪ್ರತಿ ಜಾಗದಲ್ಲೂ ಒಂದೊಂದನ್ನು ಇಟ್ಟು, ಬಾನೆಟ್ಟು ಮುಚ್ಚಿ ಚಿಲಕ ಹಾಕಿ, ಪಟ್ಟಿಗಳನ್ನು ಮೆಲ್ಲಗೆ ಎಳೆಯಬೇಕು. ತಡೆಯಿಲ್ಲದೆ ಜಾರಿಬಂದರೆ ಅಲ್ಲಿ ಸ್ಪರ್ಶವೇ ಇಲ್ಲ. ಹರಿದುಹೋದರೆ ಒತ್ತಡ ಮಿತಿಮೀರಿದೆ. ಬೆರಳಿಗೆ ಹಿಡಿತ ತಿಳಿಯುವಂತೆ ಎಳೆದುಕೊಂಡು ಬಂದರೆ ಸರಿಯಾಗಿದೆ. ನಾಲ್ಕು ಕಾಲಿನ ಮಣೆ ಸಮವಲ್ಲದ ನೆಲದ ಮೇಲೆ ಮೂರೇ ಕಾಲಲ್ಲಿ ನಿಂತು ನಾಲ್ಕನೆಯದನ್ನು ಕುಣಿಸುವ ಹಾಗೆ, ಎರಡು ಕೀಲು ಎರಡು ರಬ್ಬರುಗಳ ಮೇಲಿನ ಬಾನೆಟ್ಟಿನಲ್ಲೂ ಒಂದು ಮೂಲೆ ಗಾಳಿಯಲ್ಲಿರುವುದನ್ನು ಈ ಬಡ ಕಾಗದ ಕರಾರುವಾಕ್ಕಾಗಿ ತೋರಿಸಿಕೊಡುತ್ತದೆ.

ಗಾಳಿಯಲ್ಲಿರುವ ಮೂಲೆಗೆ ದಪ್ಪ ರಬ್ಬರು ತುರುಕುವುದು, ಇಲ್ಲವೇ ಕಂಬಳಿಯ ತುಂಡು ಸಿಕ್ಕಿಸುವುದು ಬಹಳ ಕಡೆ ನಡೆಯುವ ಚಿಕಿತ್ಸೆ. ಇದು ತಪ್ಪು. ಕಂಬಳಿ ಮಳೆಗಾಲದಲ್ಲಿ ನೀರು ಹೀರಿ ಅಡಿಯ ತಗಡನ್ನು ತುಕ್ಕಿಗೆ ಒಪ್ಪಿಸುತ್ತದೆ. ದಪ್ಪ ರಬ್ಬರಿನ ಮೇಲೆ ಚಿಲಕವನ್ನು ಬಲವಂತವಾಗಿ ಎಳೆದು ಹಾಕಿದರೆ ಬಾನೆಟ್ಟಿನ ಹಿಂಮೂಲೆಯಲ್ಲಿ ಕಾಲಕ್ರಮೇಣ ಬಿರುಕು ಬಿಡುತ್ತದೆ. ಮೂಲೆ ಏಕೆ ತಗ್ಗಿತು ಅಥವಾ ಏಕೆ ಎದ್ದಿತು ಎಂದು ಕೇಳಿಕೊಂಡವರು ಚಾಸಿಗೂ ಬಾಡಿಗೂ ನಡುವಿನ ಮೆತ್ತೆಗಳವರೆಗೆ ಹೋಗುತ್ತಾರೆ. ಹೆರಾಲ್ಡ್‌ನ ಬಾಡಿ ಬಿಡಿ ಭಾಗಗಳನ್ನು ಬೋಲ್ಟಿನಿಂದ ಜೋಡಿಸಿದ್ದು. 1953ರಲ್ಲಿ ಫಿಷರ್ ಅಂಡ್ ಲಡ್ಲೊ ಎಂಬ ಬಾಡಿ ತಯಾರಕ ಕಂಪನಿ ಪ್ರತಿಸ್ಪರ್ಧಿ ಬಿಎಂಸಿ ಪಾಲಾದ ಮೇಲೆ, ಬೇರೆ ಬೇರೆ ಕಡೆ ಭಾಗಗಳನ್ನು ಮಾಡಿಸಿ ಪ್ರತ್ಯೇಕ ಚಾಸಿಯ ಮೇಲೆ ಕೂಡಿಸುವ ದಾರಿಯನ್ನು ಟ್ರಯಂಫ್ ಹಿಡಿಯಬೇಕಾಯಿತು. ಅರ್ಧ ಶತಮಾನದಲ್ಲಿ ಆ ಜೋಡಣೆಯ ಮೆತ್ತೆಗಳು ಚಪ್ಪಟೆಯಾದಷ್ಟೂ ಡ್ಯಾಷ್‌ಗೋಡೆ ಕೆಳಗಿಳಿಯುತ್ತದೆ. ಚಾಸಿಗೆ ಕಚ್ಚಿಕೊಂಡ ಬಾನೆಟ್ಟಿನ ಮೂತಿ ಇದ್ದಲ್ಲೇ ಇರುತ್ತದೆ. ಬಾನೆಟ್ಟಿನ ಸದ್ದೆಂದು ಶುರುವಾದ ಹುಡುಕಾಟ ಸೀಟಿನ ಕೆಳಗಿನ ಬೋಲ್ಟಿನಲ್ಲಿ ಕೊನೆಗಾಣುವುದು ಹೀಗೆ.

ಮೆತ್ತೆಗಳು ಸರಿಯಾದ ಬಳಿಕವೇ ಕೀಲುಗಳ ಸರದಿ. ಕೀಲಿನ ಬೋಲ್ಟುಗಳು ಉದ್ದ ಸೀಳಿನಂಥ ರಂಧ್ರಗಳಲ್ಲಿ ಕೂರುವುದರಿಂದ ಅವನ್ನು ಸಡಿಲಿಸಿ ಬಾನೆಟ್ಟನ್ನು ತುಸು ಹಿಂದೆ ಮುಂದೆ ಸರಿಸಬಹುದು. ಸವೆದ ಬುಷ್ಷಿನ ಬದಲಿಗೆ ಲೇತಿನಲ್ಲಿ ಹೊಸದನ್ನು ತಿರುಗಿಸಿ ಕೂರಿಸುವುದು ಕಾಮಾಕ್ಷಿಪಾಳ್ಯದ ಯಾವ ಟರ್ನರ್‌ಗೂ ಕಷ್ಟದ ಕೆಲಸವಲ್ಲ. ರಬ್ಬರಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ನೈಸರ್ಗಿಕ ರಬ್ಬರು ಎಂಜಿನ್ನಿನ ಶಾಖಕ್ಕೂ ಗಾಳಿಯ ಓಜೋನಿಗೂ ಸಿಕ್ಕಿ ಗಟ್ಟಿಯಾಗಿ ಬಿರಿಯುತ್ತದೆ. ಎಣ್ಣೆ ತಾಗುವ ಕಡೆ ನೈಟ್ರೈಲ್, ಬಿಸಿಲು ಶಾಖ ತಾಗುವ ಕಡೆ ಇಪಿಡಿಎಂ ಎಂಬ ಕೃತಕ ರಬ್ಬರುಗಳು ಹೆಚ್ಚು ಬಾಳುತ್ತವೆ. ಉಗುರಿನಿಂದ ಒತ್ತಿದರೆ ಗುರುತು ಮೂಡಿ ಮರುಕ್ಷಣವೇ ಮಾಯವಾಗಬೇಕು. ಗುರುತೇ ಮೂಡದ ಶಂಕು ರಬ್ಬರು ಕಾರಿನಲ್ಲಿದ್ದೂ ಇಲ್ಲದಂತೆ.

ಹಿಂದೆ ಪೆಟ್ಟು ತಿಂದು ಹಿಗ್ಗಿದ ತಗಡು ಇನ್ನೊಂದು ಬಗೆಯ ತೊಂದರೆ ಕೊಡುತ್ತದೆ. ಎಣ್ಣೆ ಡಬ್ಬದ ತಳದಂತೆ ಒತ್ತಿದಾಗ ಒಳಗೆ, ಬಿಟ್ಟಾಗ ಹೊರಗೆ ಟಪ್ ಎಂದು ನೆಗೆಯುವ ಆ ಭಾಗದಲ್ಲಿ ಬಣ್ಣ ಕೆರೆದು, ಗ್ಯಾಸಿನ ಜ್ವಾಲೆಯಿಂದ ಕಾಸಿನಗಲ ಕೆಂಪಗೆ ಕಾಯಿಸಿ, ಅಡಿಯಲ್ಲಿ ಡಾಲಿ ಎಂಬ ಉಕ್ಕಿನ ಗಡ್ಡೆಯನ್ನು ಹಿಡಿದು ಮೇಲಿನಿಂದ ಹಗುರಾಗಿ ತಟ್ಟಿ, ಒದ್ದೆ ಬಟ್ಟೆ ಒತ್ತಿ ತಣಿಸಿದಾಗ ತಗಡು ಕುಗ್ಗುತ್ತದೆ. ಒಂದು ಕಾಸಿನಗಲ ಹೆಚ್ಚು ಕಾಯಿಸಿದರೆ ಪಕ್ಕದ ತಗಡು ಸುಕ್ಕಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಟಿಂಕರ್‌ನ ಅಂಗೈಗೆ ಮಾತ್ರ ಗೊತ್ತಿರುವ ವಿದ್ಯೆ, ಮತ್ತು ಆ ಅಂಗೈಗಳು ಕಡಿಮೆಯಾಗುತ್ತಿರುವುದು ನಿಜವಾದ ನಷ್ಟ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ತಂದ ನಿಯಮದಂತೆ ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆಯಾಗದ ಖಾಸಗಿ ವಾಹನಗಳಿಗೆ ವಿಂಟೇಜ್ ನೋಂದಣಿ ದೊರೆಯುತ್ತದೆ. ಇಂದು ಉಳಿದಿರುವ ಹೆರಾಲ್ಡ್‌ಗಳೆಲ್ಲ ಆ ವಯಸ್ಸನ್ನು ದಾಟಿರುವುದರಿಂದ, ಸದ್ದಡಗಿಸಲು ಹೊಸ ಪಟ್ಟಿ ಬೆಸೆಯುವ ಅವಸರಕ್ಕಿಂತ ಮೂಲ ಜೋಡಣೆಯನ್ನೇ ಸರಿಗೊಳಿಸುವ ತಾಳ್ಮೆಗೆ ಈಗ ಇನ್ನಷ್ಟು ಬೆಲೆಯಿದೆ.

ಕೆಲಸ ಮುಗಿದ ಕಾರನ್ನು ವಿಜಯನಗರದಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿಯವರೆಗೆ, ವಾಹನ ವಿರಳವಾಗಿರುವ ಮುಂಜಾನೆಯಲ್ಲಿ, ಗಾಜುಗಳನ್ನು ಇಳಿಸಿ ಓಡಿಸಿ ಕೇಳುವುದು ಒಳ್ಳೆಯ ಪರೀಕ್ಷೆ. ಅಷ್ಟರಲ್ಲಿ ಸದ್ದು ನಿಂತಿದ್ದರೂ ಕೆಲಸ ಪೂರ್ತಿಯಾಗಿರುವುದಿಲ್ಲ. ಹೊಸ ರಬ್ಬರು ಭಾರ ಹೊತ್ತ ಮೊದಲ ಕೆಲವು ದಿನ ತುಸು ಕುಸಿದು ನೆಲೆಗೊಳ್ಳುತ್ತದೆ. ಒಂದೆರಡು ವಾರದ ಬಳಿಕ ಮತ್ತೆ ಕಾಗದದ ಪಟ್ಟಿಗಳನ್ನು ಇಟ್ಟು ಎಳೆದು ನೋಡಿ, ಹಿಡಿತ ತಪ್ಪಿದ ಮೂಲೆಯಲ್ಲಿ ರಬ್ಬರಿನಡಿಗೆ ತೆಳುವಾದ ಒಂದು ವಾಷರ್ ಸೇರಿಸಿ ಬಿಗಿಯಬೇಕು.