‘ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡ್ತಿತ್ತು ಸರ್’: ಬೇರೆ ಕಂಪ್ಯೂಟರ್‌ನಲ್ಲಿ ಮೇಕ್‌ಫೈಲ್ ಕೈಕೊಡೋದು ಯಾಕೆ?

ಪ್ರಾಜೆಕ್ಟ್ ಸಬ್‌ಮಿಟ್ ಮಾಡೋ ದಿನ ಬಂತು ಅಂದ್ರೆ ಬಿಸಿಎ, ಡಿಪ್ಲೊಮಾ, ಇಂಜಿನಿಯರಿಂಗ್ ಹುಡುಗರ ಬಾಯಲ್ಲಿ ಇದೇ ಮಾತು. ಎಷ್ಟೋ ಸಲ ಅದು ಸುಳ್ಳೂ ಅಲ್ಲ. ಸಿ ಪ್ರೋಗ್ರಾಂ ಸರಿಯಾಗೇ ಇರುತ್ತೆ, ಕೆಟ್ಟಿರೋದು ಮೇಕ್‌ಫೈಲ್. ಆದರೆ ಪರೀಕ್ಷಕರ ಕಂಪ್ಯೂಟರ್‌ನಲ್ಲಿ ಬಿಲ್ಡ್ ಆಗದಿದ್ದರೆ ಒಳಗಿನ ಕೋಡ್ ನೋಡೋಕೆ ಯಾರಿಗೆ ಪುರುಸೊತ್ತು? ಮಾರ್ಕ್ಸ್ ಅಲ್ಲೇ ಹೋಯ್ತು.

ಮೇಕ್ ಹಳೇ ಪ್ರೋಗ್ರಾಂ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದದ್ದು. ಯಾವ ಫೈಲ್ ಯಾವುದರಿಂದ ತಯಾರಾಗಬೇಕು ಅಂತ ಮೇಕ್‌ಫೈಲ್‌ನಲ್ಲಿ ಬರೆದಿಟ್ಟರೆ, ಬದಲಾದ ಭಾಗವನ್ನಷ್ಟೇ ಮತ್ತೆ ಕಂಪೈಲ್ ಮಾಡುತ್ತೆ. ಮದುವೆ ಮನೆಯಲ್ಲಿ ಸಾಂಬಾರು ಕೆಟ್ಟರೆ ಪಾಯಸವನ್ನೂ ಹೊಸದಾಗಿ ಮಾಡ್ತಾರಾ? ಹಾಗೆ.

ಈಗ ತೊಂದರೆ ಏನಪ್ಪಾ ಅಂದ್ರೆ, ಮೇಕ್ ಅನ್ನೋ ಹೆಸರಲ್ಲಿ ಹಲವು ಪ್ರೋಗ್ರಾಂಗಳಿವೆ. ಉಬುಂಟುವಿನಲ್ಲಿ ಸಿಗೋದು ಗ್ನೂ ಮೇಕ್. ಫ್ರೀಬಿಎಸ್‌ಡಿಯಲ್ಲಿ ಬಿಎಸ್‌ಡಿ ಮೇಕ್. ಆಪಲ್ ಮ್ಯಾಕ್‌ನಲ್ಲಿ ಕೊಡ್ತಾ ಬಂದಿರೋದು ಗ್ನೂ ಮೇಕ್ 3.81, ಅಂದ್ರೆ 2006ರ ಸರಕು! ಷರತ್ತು ಹಾಕೋಕೆ ಗ್ನೂನಲ್ಲಿ ‘ಇಫ್‌ಈಕ್ಯೂ’ ಬರೀತೀವಿ, ಬಿಎಸ್‌ಡಿಯಲ್ಲಿ ಚುಕ್ಕಿ ಇಟ್ಟು ‘ಇಫ್’. ಒಂದರ ಭಾಷೆ ಇನ್ನೊಂದಕ್ಕೆ ಅರ್ಥ ಆಗಲ್ಲ. ಗ್ನೂನವರು ಮೆಚ್ಚೋ % ಗುರುತಿನ ನಿಯಮದ್ದೂ ಇದೇ ಕಥೆ. ಅದರ ಬದಲು ‘.ಸಿ.ಓ:’ ಅನ್ನೋ ಹಳೇ ಶೈಲಿಯ ನಿಯಮ ಬರೆದರೆ ಎರಡೂ ಕಡೆ ನಡೆಯುತ್ತೆ. ಈ ಎಲ್ಲಾ ಮೇಕ್‌ಗಳು ಒಪ್ಪುವ ಚಿಕ್ಕ ಭಾಗಕ್ಕೆ ಪೋಸಿಕ್ಸ್ ಮಾನದಂಡ ಅಂತಾರೆ. ಅದರೊಳಗೇ ಬರೆಯೋದು ಕ್ಷೇಮ.

ಕಂಪೈಲರ್ ಹೆಸರನ್ನು ‘ಜಿಸಿಸಿ’ ಅಂತ ನೇರವಾಗಿ ಬರೀಬೇಡಿ. ಫ್ರೀಬಿಎಸ್‌ಡಿ ಜೊತೆ ಬರೋದು ಕ್ಲ್ಯಾಂಗ್. ‘ಸಿಸಿ’ ಅಂತ ಬರೆದರೆ ಆಯಾ ಕಂಪ್ಯೂಟರ್ ತನ್ನಲ್ಲಿರೋದನ್ನು ತಗೊಳ್ಳುತ್ತೆ.

ಮೇಕ್‌ಫೈಲ್ ಒಳಗಿನ ಆಜ್ಞೆಗಳದ್ದು ಇನ್ನೊಂದು ಗೋಳು. ಅವನ್ನು ಓಡಿಸೋದು ‘ಎಸ್‌ಎಚ್’ ಶೆಲ್. ಉಬುಂಟುವಿನಲ್ಲಿ ಅದು ಬ್ಯಾಷ್ ಅಲ್ಲ, ಡ್ಯಾಷ್. ಹಾಗಾಗಿ ಟರ್ಮಿನಲ್‌ನಲ್ಲಿ ಟೈಪ್ ಮಾಡಿದಾಗ ಓಡಿದ್ದು ಮೇಕ್‌ಫೈಲ್‌ನಲ್ಲಿ ಓಡದೇ ಇರಬಹುದು. ಫೈಲ್ ತಿದ್ದೋ ‘ಸೆಡ್ -ಐ’ ಕೂಡ ಮ್ಯಾಕ್‌ನಲ್ಲಿ ಬೇರೆ ಥರ: ಮುಂದಿನ ಪದವನ್ನು ಬ್ಯಾಕಪ್ ಫೈಲ್‌ನ ಬಾಲ ಅಂದ್ಕೊಂಡುಬಿಡುತ್ತೆ. ತಿದ್ದಿದ್ದನ್ನು ಹೊಸ ಫೈಲ್‌ಗೆ ಬರೆದು, ಆಮೇಲೆ ಹಳೇ ಹೆಸರಿಗೆ ‘ಎಂವಿ’ ಮಾಡಿದರೆ ರಗಳೆ ಇಲ್ಲ.

ವಾಟ್ಸಾಪ್‌ನಲ್ಲಿ ಮೇಕ್‌ಫೈಲ್ ಕಾಪಿ-ಪೇಸ್ಟ್ ಮಾಡೋರಿಗೆ ಒಂದು ಮಾತು. ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಪೇಸ್ಟ್ ಮಾಡುವಾಗ ಟ್ಯಾಬ್ ಹೋಗಿ ಸ್ಪೇಸ್ ಬಂದರೆ ‘ಮಿಸ್ಸಿಂಗ್ ಸೆಪರೇಟರ್’ ಅಂತ ಬೈಸ್ಕೋಬೇಕು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ, ಅದೇ ಕಷ್ಟ. ಫೈಲನ್ನೇ ಜಿಪ್ ಮಾಡಿ ಕಳಿಸಿ.

ಮೇಕ್‌ಫೈಲ್‌ನ ಮೊದಲ ಸಾಲಲ್ಲಿ ‘.ಪೋಸಿಕ್ಸ್:’ ಬರೆಯೋ ರೂಢಿ ಇದೆ, ಬರೀರಿ. ಆದರೆ ಅಷ್ಟಕ್ಕೇ ನಂಬ್ಕೋಬೇಡಿ. ಅದನ್ನು ಬರೆದರೂ ಗ್ನೂ ಮೇಕ್ ತನ್ನದೇ ಎಕ್ಸ್‌ಟ್ರಾಗಳನ್ನು ಸುಮ್ಮನೆ ಒಪ್ಪಿಕೊಳ್ಳುತ್ತೆ, ತಪ್ಪು ತೋರಿಸಲ್ಲ. ಉಬುಂಟು ಇರೋರು ‘ಬಿಮೇಕ್’ ಪ್ಯಾಕೇಜ್ ಹಾಕ್ಕೊಳ್ಳಿ, ಪುಕ್ಕಟೆ ಸಿಗುತ್ತೆ. ಅದು ಬಿಎಸ್‌ಡಿ ಮೇಕ್. ಸಬ್‌ಮಿಟ್ ಮಾಡೋ ಹಿಂದಿನ ದಿನ ಪ್ರಾಜೆಕ್ಟನ್ನು ಖಾಲಿ ಫೋಲ್ಡರ್‌ಗೆ ಕಾಪಿ ಮಾಡಿ, ಹಳೇ ಆಬ್ಜೆಕ್ಟ್ ಫೈಲ್‌ಗಳನ್ನು ಅಳಿಸಿ, ಒಮ್ಮೆ ‘ಮೇಕ್’, ಇನ್ನೊಮ್ಮೆ ಅಳಿಸಿ ‘ಬಿಮೇಕ್’ ಓಡಿಸಿ ನೋಡಿ. ಐದು ನಿಮಿಷದ ಕೆಲಸ.