ಅಂಕಣದ ಗೆರೆ ಅಳಿಸಿದವರು

ಐಯೊವಾ ಸಿಟಿಯ ಕಾರ್ವರ್-ಹಾಕೈ ಅರೀನಾವನ್ನು ಗುಡ್ಡದ ಮಗ್ಗುಲು ಅಗೆದು ಕಟ್ಟಿದ್ದಾರೆ. ಬಾಗಿಲು ದಾಟಿದರೆ ನಾವು ನಿಂತಿರುವುದೇ ಎಲ್ಲಕ್ಕಿಂತ ಮೇಲಿನ ಸಾಲಿನ ಬೆನ್ನಿಗೆ. ಅಲ್ಲಿಂದ ಆಸನಗಳು ನಾಲ್ಕೂ ಕಡೆಯಿಂದ ಸಾಲುಸಾಲಾಗಿ ಕೆಳಗಿಳಿಯುತ್ತವೆ. ತಳದಲ್ಲಿ ದೀಪದ ಬೆಳಕಿಗೆ ಮಿರುಗುವ ಮರದ ಅಂಕಣ. ಜನವರಿಯ ಸಂಜೆ, ಹೊರಗೆ ಮೂಗು ಕಿವಿ ಜುಮುಗುಡುವ ಚಳಿ. ಒಳಗೆ ಬಂದವರು ಬೂಟಿನ ಹಿಮ ಕೊಡವಿ ದಪ್ಪ ಕೋಟು ಬಿಚ್ಚಿದರೆ ಎಲ್ಲರ ಮೈಮೇಲೂ ಕಪ್ಪು-ಹಳದಿ ಅಂಗಿ. ಪಾಪ್‌ಕಾರ್ನ್ ವಾಸನೆ, ಬ್ಯಾಂಡಿನವರ ತುತ್ತೂರಿ, ಅಭ್ಯಾಸಕ್ಕಿಳಿದ ಆಟಗಾರ್ತಿಯರ ಶೂಗಳು ನೆಲಕ್ಕುಜ್ಜಿ ಕಿರ್ರೆನ್ನುವ ಸದ್ದು. ಅಂಕಣದಂಚಿನ ಕಂಬಿಗೆ ಜೋತುಬಿದ್ದ ಪುಟ್ಟ ಹುಡುಗಿಯರ ಕೈಯಲ್ಲಿ ಬಣ್ಣದ ಪೆನ್ನಿನಲ್ಲಿ ಬರೆದ ಭಿತ್ತಿಪತ್ರಗಳು. ಅವರ ಹಿಂದೆ ಅಪ್ಪಂದಿರು, ಅಮ್ಮಂದಿರು. ಅದಕ್ಕೂ ಮೇಲಿನ ಸಾಲುಗಳಲ್ಲಿ ನೂಲಿನ ಟೋಪಿ ತೊಟ್ಟ ಅಜ್ಜಿಯರು.

ಈ ಅಜ್ಜಿಯರನ್ನು ನೋಡುವುದೆಂದರೆ ನನಗೆ ಇಷ್ಟ. ಎಂಬತ್ತರ ದಶಕದಲ್ಲಿ ಮೈಸೂರಿನಿಂದ ಬಂದು ಈ ಊರಿನಲ್ಲಿ ನೆಲೆಸಿದ ನನಗೆ ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲಿನ ಹುಚ್ಚು ಹಿಡಿಸಿದವರು ಇವರೇ. ಟಿ.ವಿ.ಯವರ ಕಣ್ಣು ಈ ಆಟದ ಮೇಲೆ ಬೀಳುವುದಕ್ಕೆ ಬಹಳ ಮೊದಲಿನಿಂದ ಇಲ್ಲಿ ಕೂತವರು ಅವರು. ಪಕ್ಕದ ಸೀಟಿನ ಅಜ್ಜಿಯೊಬ್ಬರು ಒಮ್ಮೆ ಹೇಳಿದರು: “ಹೈಸ್ಕೂಲು ಮುಗಿಯುವವರೆಗೂ ನಾನು ಗಾರ್ಡ್. ಪಂದ್ಯದಲ್ಲಿ ಒಂದು ಸಲವೂ ಬುಟ್ಟಿಯ ಕಡೆಗೆ ಚೆಂಡೆಸೆದವಳಲ್ಲ. ನಮ್ಮ ತಂಡದ ಬುಟ್ಟಿ ಇದ್ದದ್ದು ಗೆರೆಯ ಆಚೆ.”

ಆ ಗೆರೆಯನ್ನು ತಿಳಿಯದೆ ಈ ಆಟದ ಚರಿತ್ರೆ ಅರ್ಥವಾಗುವುದಿಲ್ಲ.

1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಹೊಸ ಆಟವೊಂದನ್ನು ಹುಟ್ಟುಹಾಕಿದ. ಸ್ವಲ್ಪವೇ ದೂರದ ನಾರ್ಥಾಂಪ್ಟನ್‌ನ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್‌ಸನ್ ಎಂಬ ವ್ಯಾಯಾಮ ಶಿಕ್ಷಕಿ ಅದನ್ನು ಮರುವರ್ಷವೇ ತನ್ನ ವಿದ್ಯಾರ್ಥಿನಿಯರಿಗೆ ಕಲಿಸತೊಡಗಿದರು. ಹೆಣ್ಣುಮಕ್ಕಳು ಬಹಳ ಓಡಿದರೆ ದೇಹ ಬಳಲುತ್ತದೆ, ನೂಕಾಡಿದರೆ ಮರ್ಯಾದೆ ಕೆಡುತ್ತದೆ ಎಂದು ನಂಬಿದ್ದ ಕಾಲ ಅದು. ಬೆರೆನ್‌ಸನ್ ಅಂಕಣವನ್ನು ಮೂರು ಪಾಲು ಮಾಡಿ ಗೆರೆ ಎಳೆದರು. ತನ್ನ ಪಾಲು ಬಿಟ್ಟು ಯಾರೂ ಕದಲುವಂತಿಲ್ಲ. ಎದುರಾಳಿಯ ಕೈಯಿಂದ ಚೆಂಡು ಕಸಿಯುವಂತಿಲ್ಲ. ನಮ್ಮ ಕಡೆಯ ಕುಂಟೆಬಿಲ್ಲೆಯಂತೆ, ಗೆರೆ ಮೆಟ್ಟಿದರೆ ತಪ್ಪು. ಆದರೂ ಆ ಹುಡುಗಿಯರು ಆಡಿದರು. 1896ರ ಏಪ್ರಿಲ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಹುಡುಗಿಯರು ಮೊತ್ತಮೊದಲ ಅಂತರಕಾಲೇಜು ಪಂದ್ಯ ಆಡಿದಾಗ ಗಂಡಸರನ್ನು ಒಳಗೆ ಬಿಡಲಿಲ್ಲ. ಸ್ಟ್ಯಾನ್‌ಫರ್ಡ್ ಗೆದ್ದದ್ದು 2-1ರಿಂದ.

ಮೂರು ಪಾಲು ಮುಂದೆ ಎರಡಾಯಿತು. ತಂಡಕ್ಕೆ ಆರು ಜನ. ಮೂವರು ಫಾರ್ವರ್ಡ್, ಮೂವರು ಗಾರ್ಡ್. ಮಧ್ಯದ ಗೆರೆ ದಾಟುವ ಹಾಗಿಲ್ಲ. ಫಾರ್ವರ್ಡ್‌ಗಳಷ್ಟೇ ಚೆಂಡನ್ನು ಬುಟ್ಟಿಗೆ ಹಾಕಬೇಕು, ಗಾರ್ಡ್‌ಗಳು ಇನ್ನೊಂದು ಬದಿಯಲ್ಲಿ ತಡೆಯುತ್ತಲೇ ಇರಬೇಕು. ಚೆಂಡು ಕೈಗೆ ಬಂದರೆ ಎರಡೇ ಡ್ರಿಬಲ್. ಉಳಿದ ರಾಜ್ಯಗಳು ಬಿಟ್ಟ ಮೇಲೂ ಐಯೊವಾದ ಹೈಸ್ಕೂಲುಗಳು ಈ ಆಟವನ್ನು 1993ರವರೆಗೆ ಉಳಿಸಿಕೊಂಡವು. ಜೋಳದ ಹೊಲಗಳ ನಡುವಿನ ಸಣ್ಣ ಊರುಗಳಿಗೆ ಚಳಿಗಾಲದಲ್ಲಿ ಅದೇ ಜಾತ್ರೆ. ತಂಡ ರಾಜ್ಯಮಟ್ಟಕ್ಕೆ ಹೋದರೆ ಊರಿಗೆ ಊರೇ ಡೆಮಾಯಿನ್‌ನ ವೆಟರನ್ಸ್ ಆಡಿಟೋರಿಯಂಗೆ ಹೊರಡುತ್ತಿತ್ತು. 1968ರ ಫೈನಲ್‌ನಲ್ಲಿ ಯೂನಿಯನ್-ವಿಟನ್ ಶಾಲೆಯ ಡೆನಿಸ್ ಲಾಂಗ್ 64 ಅಂಕ ಗಳಿಸಿದರೆ, ಎವರ್ಲಿಯ ಜಾನೆಟ್ ಓಲ್ಸನ್ 76 ಗಳಿಸಿದರು. ಹೆಚ್ಚುವರಿ ಅವಧಿಗೆ ಹೋದ ಆ ಪಂದ್ಯ 113-107ಕ್ಕೆ ಮುಗಿಯಿತು. ಇಲ್ಲಿನ ಹಿರಿಯರು ಆ ರಾತ್ರಿಯ ಮಾತನ್ನು ಇಂದಿಗೂ ಎತ್ತುತ್ತಾರೆ.

ಈಗ ಇದನ್ನು ಯೋಚಿಸಿ. ಸಾವಿರಾರು ಜನರ ಮುಂದೆ ಆಡಿದ ಹುಡುಗಿ ಹೈಸ್ಕೂಲು ಮುಗಿಸಿ ಐಯೊವಾ ವಿಶ್ವವಿದ್ಯಾಲಯಕ್ಕೆ ಬಂದರೆ, 1974ರವರೆಗೆ ಅವಳಿಗೊಂದು ಅಧಿಕೃತ ತಂಡವೇ ಇರಲಿಲ್ಲ. ಹೆಂಗಸರ ಆಟ ನೋಡಲು ಯಾರು ಬರುತ್ತಾರೆ ಎಂದು ದೇಶದ ತುಂಬ ಕೇಳುತ್ತಿದ್ದಾಗ ಐಯೊವಾದ ಹಳ್ಳಿಗಳು ಬಂದು ಕೂತಿದ್ದವು. ಜನರಿಗೆ ಬರವಿರಲಿಲ್ಲ. ಆಡುವವಳಿಗೆ ಜಾಗವಿರಲಿಲ್ಲ.

ಕಾಲೇಜು ಮಟ್ಟದಲ್ಲಿ ಆ ಗೆರೆ ಅಳಿದದ್ದು 1971ರಲ್ಲಿ. ಐದು ಆಟಗಾರ್ತಿಯರು, ಇಡೀ ಅಂಕಣ. ಮರುವರ್ಷ ‘ಟೈಟಲ್ ನೈನ್’ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದು ಎಂದಿತು ಅದು. ಅದೇ 1972ರಲ್ಲಿ ಮಹಿಳೆಯರೇ ನಡೆಸುತ್ತಿದ್ದ ಎಐಎಡಬ್ಲ್ಯು ಸಂಘಟನೆಯ ಮೊದಲ ರಾಷ್ಟ್ರೀಯ ಟೂರ್ನಿ. ಗೆದ್ದದ್ದು ಫಿಲಡೆಲ್ಫಿಯಾ ಬಳಿಯ ಇಮ್ಯಾಕ್ಯುಲೇಟಾ ಎಂಬ ಪುಟ್ಟ ಕ್ಯಾಥೊಲಿಕ್ ಕಾಲೇಜು. ವಿಮಾನದ ಖರ್ಚಿಗೆ ಆ ಹುಡುಗಿಯರು ಟೂತ್‌ಬ್ರಷ್ ಮಾರಿದ್ದರು. ಅವರು ಆಡುವಾಗ ಕ್ರೈಸ್ತ ಸನ್ಯಾಸಿನಿಯರು ತಗಡಿನ ಬಕೆಟ್ ಬಡಿದು ಹುರಿದುಂಬಿಸುತ್ತಿದ್ದರು. ಆ ತಂಡ ಸತತ ಮೂರು ವರ್ಷ ಗೆದ್ದಿತು. ನಂತರದ ಮೂರು ವರ್ಷ ಮಿಸಿಸಿಪಿಯ ಡೆಲ್ಟಾ ಸ್ಟೇಟ್. ಅಲ್ಲಿನ ಲೂಸಿಯಾ ಹ್ಯಾರಿಸ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ, ಒಲಿಂಪಿಕ್ ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಇತಿಹಾಸದ ಮೊದಲ ಬುಟ್ಟಿ ಹಾಕಿದರು.

ಟೆನ್ನೆಸ್ಸೀಯಲ್ಲಿ 1974ರಲ್ಲಿ, 22ನೇ ವಯಸ್ಸಿಗೇ ಪ್ಯಾಟ್ ಸಮ್ಮಿಟ್ ಕೋಚ್ ಆದರು. ಸಂಬಳ ತಿಂಗಳಿಗೆ 250 ಡಾಲರ್. ತಂಡದ ವ್ಯಾನ್ ಓಡಿಸುವವರೂ ಅವರೇ, ಆಟಗಾರ್ತಿಯರ ಬಟ್ಟೆ ಒಗೆಯುವವರೂ ಅವರೇ. 38 ವರ್ಷಗಳ ಬಳಿಕ ನಿವೃತ್ತರಾದಾಗ ಅವರ ಹೆಸರಿನಲ್ಲಿ 1,098 ಗೆಲುವು, 8 ರಾಷ್ಟ್ರೀಯ ಪ್ರಶಸ್ತಿ. ಮರೆವಿನ ಕಾಯಿಲೆ ಅವರನ್ನು ಅಂಕಣದಿಂದ ಎಬ್ಬಿಸಿತು. 2016ರಲ್ಲಿ ಅವರು ತೀರಿಕೊಂಡರು. ಎದುರಾಳಿಯನ್ನೂ ನಡುಗಿಸುತ್ತಿದ್ದ ಅವರ ಆ ನೆಟ್ಟ ನೋಟವನ್ನು ಕಂಡ ಯಾರೂ ಮರೆಯಲಾರರು.

1982ರಲ್ಲಿ ಗಂಡಸರ ಆಟಗಳನ್ನು ನಡೆಸುತ್ತಿದ್ದ ಎನ್‌ಸಿಎಎ ಮಹಿಳೆಯರಿಗೂ ಟೂರ್ನಿ ಆರಂಭಿಸಿತು. ಎಐಎಡಬ್ಲ್ಯು ಅದರೆದುರು ನಿಲ್ಲಲಾಗದೆ ಮುಚ್ಚಿಹೋಯಿತು. ಹೊಸ ಟೂರ್ನಿಯ ಮೊದಲ ಫೈನಲ್‌ನಲ್ಲಿ ಲೂಸಿಯಾನಾ ಟೆಕ್‌ಗೆ ಸೋತ ಚೇನಿ ಸ್ಟೇಟ್, ಕಪ್ಪು ಜನರ ಒಂದು ಸಣ್ಣ ಕಾಲೇಜು. ಅದರ ಕೋಚ್ ವಿವಿಯನ್ ಸ್ಟ್ರಿಂಗರ್ ಮರುವರ್ಷ ಐಯೊವಾಕ್ಕೆ ಬಂದರು. 1985ರ ಫೆಬ್ರುವರಿ 3ರಂದು ಒಹಾಯೊ ಸ್ಟೇಟ್ ಎದುರಿನ ಪಂದ್ಯಕ್ಕೆ, ಸುಮಾರು 15,000 ಆಸನಗಳ ಈ ಕಾರ್ವರ್-ಹಾಕೈ ಅರೀನಾದೊಳಗೆ 22,157 ಜನ ತುಂಬಿಕೊಂಡರು. ಮೆಟ್ಟಿಲ ಮೇಲೆ ಕೂತರು, ಹಜಾರದಲ್ಲಿ ನಿಂತರು. ಆ ಹಳ್ಳಿಗಳ ಜನಕ್ಕೆ ಕೊನೆಗೂ ತಮ್ಮ ಹುಡುಗಿಯರು ಇಡೀ ಅಂಕಣದಲ್ಲಿ ಓಡುವುದನ್ನು ನೋಡುವ ಅವಕಾಶ ಸಿಕ್ಕಿತ್ತು.

ತೊಂಬತ್ತರ ದಶಕದಲ್ಲಿ ಆಟಕ್ಕೆ ವೇಗ ಬಂತು, ವೈರವೂ ಬಂತು. 1995ರ ಜನವರಿಯಲ್ಲಿ ಕನೆಕ್ಟಿಕಟ್ ಮತ್ತು ಟೆನ್ನೆಸ್ಸೀ ಮೊದಲ ಬಾರಿ ಎದುರಾದವು. ಕನೆಕ್ಟಿಕಟ್ ಗೆದ್ದು, ಆ ಋತುವನ್ನೇ 35-0ರಿಂದ ಮುಗಿಸಿತು. ಕೋಚ್ ಜೀನೊ ಆರಿಯೆಮ್ಮಾ ಅವರ ತಂಡ ಮುಂದೆ ಒಮ್ಮೆ ಸತತ 111 ಪಂದ್ಯ ಗೆದ್ದಿತು. 2017ರಲ್ಲಿ ಆ ಸರಣಿ ಮುರಿದದ್ದು ಮಿಸಿಸಿಪಿ ಸ್ಟೇಟ್‌ನ ಗಿಡ್ಡ ಗಾರ್ಡ್ ಮಾರ್ಗನ್ ವಿಲಿಯಂ, ಹೆಚ್ಚುವರಿ ಅವಧಿಯ ಕೊನೆಯ ಕ್ಷಣದಲ್ಲಿ ಎಸೆದ ಚೆಂಡಿನಿಂದ. ಬೇರೆ ಕಾಲೇಜುಗಳೂ ದುಡ್ಡು ಹಾಕಿ, ಒಳ್ಳೆಯ ಕೋಚ್‌ಗಳನ್ನು ಕರೆತಂದು ಬೆಳೆದಿದ್ದವು ಎಂಬುದಕ್ಕೆ ಆ ಎಸೆತವೇ ಸಾಕ್ಷಿ.

ಆದರೂ ಅಂಕಣದ ಹೊರಗೆ ಬೇರೆ ಗೆರೆಗಳು ಉಳಿದೇ ಇದ್ದವು. 2021ರ ಕೋವಿಡ್ ಕಾಲದ ಟೂರ್ನಿಯಲ್ಲಿ ಗಂಡಸರಿಗೆ ದೊಡ್ಡ ಹಜಾರದ ತುಂಬ ವ್ಯಾಯಾಮದ ಸಾಮಾನು. ಸ್ಯಾನ್ ಆಂಟೋನಿಯೊದಲ್ಲಿದ್ದ ಹೆಣ್ಣುಮಕ್ಕಳಿಗೆ ಒಂದು ಸ್ಟ್ಯಾಂಡಿನಷ್ಟು ಡಂಬೆಲ್ ಮತ್ತು ಯೋಗದ ಚಾಪೆ. ಆರೆಗಾನ್ ತಂಡದ ಸೆಡೋನಾ ಪ್ರಿನ್ಸ್ ಅದನ್ನು ವಿಡಿಯೊ ಮಾಡಿ ಜಗತ್ತಿಗೆ ತೋರಿಸಿದಳು. ಗಂಡಸರ ಟೂರ್ನಿಯ ‘ಮಾರ್ಚ್ ಮ್ಯಾಡ್‌ನೆಸ್’ ಎಂಬ ಹೆಸರನ್ನು ಬಳಸುವ ಅವಕಾಶವೂ ಹೆಣ್ಣುಮಕ್ಕಳ ಟೂರ್ನಿಗೆ ಸಿಕ್ಕದ್ದು 2022ರಲ್ಲಿ. ಆ ವಿಡಿಯೊ ನೋಡಿದ ದಿನ ನನಗೆ ಬಂದ ಸಿಟ್ಟು ಈಗಲೂ ಆರಿಲ್ಲ.

ಆಮೇಲೆ ಬಂದಳು ಕೇಟ್ಲಿನ್ ಕ್ಲಾರ್ಕ್. ವೆಸ್ಟ್ ಡೆಮಾಯಿನ್‌ನ ಹುಡುಗಿ, ಅಂಗಿಯ ಮೇಲೆ 22. ಅವಳ ಕೋಚ್ ಲೀಸಾ ಬ್ಲೂಡರ್, ಸಹಾಯಕಿ ಜಾನ್ ಜೆನ್ಸನ್ ಇಬ್ಬರೂ ಐಯೊವಾದ ಆರು ಜನರ ಆಟದಲ್ಲೇ ಬೆಳೆದವರು. ಅರ್ಧ ಅಂಕಣದಲ್ಲಿ ಆಡಿ ಕಲಿತ ಹೆಂಗಸರು, ಅಂಕಣದಲ್ಲಿ ಎಲ್ಲಿಂದ ಬೇಕಾದರೂ ಎಸೆ ಎಂದು ಈ ಹುಡುಗಿಯನ್ನು ಮುಕ್ತವಾಗಿ ಬಿಟ್ಟರು. ಅವಳು ಚೆಂಡು ಹಿಡಿದು ಮಧ್ಯದ ಲಾಂಛನದ ಹತ್ತಿರ ನಿಧಾನಿಸಿದರೆ ಸಾಕು, ಇಡೀ ಅರೀನಾ ಎದ್ದು ನಿಲ್ಲುತ್ತಿತ್ತು. 2023ರ ಅಕ್ಟೋಬರ್ 15ರಂದು ಪಕ್ಕದ ಕಿನ್ನಿಕ್ ಫುಟ್‌ಬಾಲ್ ಮೈದಾನದ ನಡುವೆ ಅಂಕಣ ಹಾಸಿದರು. ಗಾಳಿ, ಚಳಿ, ತೆರೆದ ಆಕಾಶ, 55,646 ಪ್ರೇಕ್ಷಕರು. ಮುಂದಿನ ಫೆಬ್ರುವರಿ 15ರಂದು ಮಿಷಿಗನ್ ಎದುರು ಪಂದ್ಯ ಶುರುವಾಗಿ ಮೂರು ನಿಮಿಷವೂ ಆಗಿರಲಿಲ್ಲ. ಅವಳು ಮೂರು ಅಂಕದ ಗೆರೆಗಿಂತ ಎಷ್ಟೋ ಹಿಂದಿನಿಂದ ಎಸೆದ ಚೆಂಡು ಬಲೆಗೆ ಬಿತ್ತು. ಎನ್‌ಸಿಎಎ ಮಹಿಳಾ ಆಟದಲ್ಲಿ ಕೆಲ್ಸಿ ಪ್ಲಮ್ ಗಳಿಸಿದ್ದ ಒಟ್ಟು 3,527 ಅಂಕಗಳ ದಾಖಲೆ ಮುರಿಯಿತು. ಹಿಂದೆ ಹೆಣ್ಣುಮಕ್ಕಳನ್ನು ನಿಲ್ಲಿಸುತ್ತಿದ್ದ ಆ ಮಧ್ಯದ ಗೆರೆಗೆ ಸ್ವಲ್ಪವೇ ದೂರದಿಂದ ಹಾರಿದ ಚೆಂಡು ಅದು. ಸುತ್ತಲಿನ ಅಜ್ಜಿಯರಲ್ಲಿ ಹಲವರು ಅಳುತ್ತಿದ್ದರು. ನಾನೂ ಅತ್ತೆ.

ಅದೇ ವರ್ಷದ ಏಪ್ರಿಲ್‌ನ ಫೈನಲ್ ಅನ್ನು ಟಿ.ವಿ.ಯಲ್ಲಿ ನೋಡಿದವರು ಸುಮಾರು 1 ಕೋಟಿ 87 ಲಕ್ಷ. ಮರುದಿನದ ಗಂಡಸರ ಫೈನಲ್‌ಗೆ ಸುಮಾರು 1 ಕೋಟಿ 48 ಲಕ್ಷ. ಹಿಂದೆಂದೂ ಹೀಗಾಗಿರಲಿಲ್ಲ. ಗೆದ್ದದ್ದು ಡಾನ್ ಸ್ಟೇಲಿ ಅವರ ಸೌತ್ ಕೆರೊಲೈನಾ, 87-75ರಿಂದ, ಒಂದೂ ಸೋಲಿಲ್ಲದ 38-0 ಋತು ಮುಗಿಸಿ. ಗೆದ್ದ ಸಂಭ್ರಮದಲ್ಲೂ ಸ್ಟೇಲಿ, ಆಟವನ್ನು ಮೇಲೆತ್ತಿದ್ದಕ್ಕಾಗಿ ಎದುರಾಳಿ ಕ್ಲಾರ್ಕ್‌ಗೆ ಧನ್ಯವಾದ ಹೇಳಿದರು. ಇಂದು ಆಟಗಾರ್ತಿಯರು ಜಾಹೀರಾತಿನಿಂದ ಸಂಪಾದಿಸುತ್ತಾರೆ, ಬೇಕೆಂದಾಗ ಕಾಲೇಜು ಬದಲಿಸುತ್ತಾರೆ. ನಾಲ್ಕು ವರ್ಷ ಒಂದೇ ಹುಡುಗಿ ಬೆಳೆಯುವುದನ್ನು ನೋಡುವ ಸುಖ ನಮ್ಮಂಥವರಿಗೆ ಕಡಿಮೆಯಾಗುತ್ತಿದೆ, ನಿಜ. ಆದರೆ ತನ್ನ ಬದುಕು ಎಲ್ಲಿ ಬೆಳೆಯಬೇಕೆಂದು ಅವಳೇ ನಿರ್ಧರಿಸುವುದಕ್ಕೆ ನಾನು ಬೇಡವೆನ್ನಲಾರೆ.

ನನ್ನದೊಂದು ಒತ್ತಾಯವಿದೆ. ಪ್ಲಮ್ ದಾಖಲೆ ಮುರಿದ ಸಂಜೆ ಕ್ಲಾರ್ಕ್ ಮುಂದೆ ಇನ್ನೊಂದು ಅಂಕಿ ಉಳಿದಿತ್ತು. ಕ್ಯಾನ್ಸಸ್‌ನ ಲಿನೆಟ್ ವುಡಾರ್ಡ್ 1981ರ ಹೊತ್ತಿಗೇ 3,649 ಅಂಕ ಗಳಿಸಿದ್ದರು. ಅದು ಎಐಎಡಬ್ಲ್ಯು ಕಾಲದ್ದೆಂದು ಎನ್‌ಸಿಎಎ ದಾಖಲೆಯ ಲೆಕ್ಕಕ್ಕೆ ಬರಲಿಲ್ಲ. ಕ್ಲಾರ್ಕ್ ಅದನ್ನೂ ದಾಟಿದಳು. ಮಾರ್ಚ್ 3ರಂದು ಗಂಡಸರ ಆಟದಲ್ಲಿ ದಾಖಲೆಯಾಗಿದ್ದ ಪೀಟ್ ಮಾರವಿಚ್ ಅವರ 3,667ನ್ನೂ ದಾಟಿದಾಗ ವುಡಾರ್ಡ್ ಈ ಅರೀನಾದಲ್ಲಿಯೇ ಕೂತಿದ್ದರು. ಈ ಆಟ ಮೊನ್ನೆ ಮೊನ್ನೆ ಹುಟ್ಟಿತು ಎಂಬಂತೆ ಮಾತಾಡುವವರಿಗೆ ನಾನು ಹೇಳುವುದು ಇಷ್ಟೇ: ಲೆಕ್ಕವನ್ನು 1982ರಿಂದ ಶುರುಮಾಡಬೇಡಿ. ಟೂತ್‌ಬ್ರಷ್ ಮಾರಿ ಆಡಿದವರ ಗೆಲುವೂ ಗೆಲುವೇ, ವುಡಾರ್ಡ್ ಗಳಿಸಿದ ಅಂಕವೂ ಅಂಕವೇ. ಒಂದು ಸಲವೂ ಬುಟ್ಟಿಗೆಸೆಯದೆ ಚೆಂಡನ್ನು ತಡೆದು ನಿಂತ ಗಾರ್ಡ್‌ಗಳೂ ಈ ಆಟವನ್ನು ಕಟ್ಟಿದವರೇ. 22ರ ಅಂಗಿ ತೊಟ್ಟ ಹುಡುಗಿಯರಿಗೆ ಇವರ ಹೆಸರನ್ನೂ ಕಲಿಸೋಣ.