ಹೊಕ್ಕುಳಬಳ್ಳಿಯ ರಕ್ತ: ಕೂಡಿಡುವುದೋ, ದಾನ ಮಾಡುವುದೋ?

ಮಗು ಹುಟ್ಟಿದ ಕೆಲವು ನಿಮಿಷಗಳಲ್ಲಿ ಮಾಸು ಹೊರಬೀಳುತ್ತದೆ. ಆಸ್ಪತ್ರೆಗಳಲ್ಲಿ ಅದು ಸಾಮಾನ್ಯವಾಗಿ ಹೊಕ್ಕುಳಬಳ್ಳಿಯ ಸಮೇತ ತ್ಯಾಜ್ಯದ ಚೀಲ ಸೇರುತ್ತದೆ. ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಇವೆರಡರ ಬಗ್ಗೆ ನಾವು ಓದುತ್ತೇವೆ. ಆದರೆ ಅವುಗಳಲ್ಲಿ ಉಳಿಯುವ ರಕ್ತದ ಬೆಲೆ ಏನೆಂದು ನಾನು ಯೋಚಿಸಿದ್ದು, ಗರ್ಭಿಣಿಯಾದ ನನ್ನ ಅಕ್ಕ ಸ್ಕ್ಯಾನಿಂಗ್‌ಗೆ ಹೋದಾಗ ಒಂದು ಕರಪತ್ರ ತಂದ ಮೇಲೆ. ಮಗುವಿನ ರಕ್ತವನ್ನು ಮಗುವಿನ ಹೆಸರಿನಲ್ಲೇ ಕೂಡಿಡಿ, ಅದು ಜೀವವಿಮೆ ಇದ್ದ ಹಾಗೆ ಎಂದು ಅದರಲ್ಲಿತ್ತು. ಶುಲ್ಕ ಹತ್ತಾರು ಸಾವಿರ ರೂಪಾಯಿ. ಕಟ್ಟಬೇಕೇ ಬೇಡವೇ ಎಂದು ಉಮ್ಮ ವಿಜ್ಞಾನ ಓದುವ ನನ್ನನ್ನೇ ಕೇಳಿದರು. ಹುಡುಕಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಆ ರಕ್ತದಲ್ಲಿ ಏನಿದೆ?

ನಮ್ಮ ಕೆಂಪು ರಕ್ತಕಣ, ಬಿಳಿ ರಕ್ತಕಣ, ಕಿರುತಟ್ಟೆಗಳೆಲ್ಲ ಅಸ್ಥಿಮಜ್ಜೆಯಲ್ಲಿರುವ ಕಾಂಡಕೋಶಗಳಿಂದ, ಅಂದರೆ ಸ್ಟೆಮ್ ಸೆಲ್‌ಗಳಿಂದ ಹುಟ್ಟುತ್ತವೆ. ಹೊಕ್ಕುಳಬಳ್ಳಿಯ ರಕ್ತದಲ್ಲೂ ಈ ಕಾಂಡಕೋಶಗಳು ಧಾರಾಳವಾಗಿರುತ್ತವೆ. ರಕ್ತಕ್ಯಾನ್ಸರ್, ಥಲಸ್ಸೇಮಿಯಾದಂತಹ ಕಾಯಿಲೆಗಳಲ್ಲಿ ರೋಗಿಯ ಕೆಟ್ಟ ಮಜ್ಜೆಯನ್ನು ಔಷಧಿಯಿಂದ ತೆಗೆದುಹಾಕಿ, ಇನ್ನೊಬ್ಬರ ಆರೋಗ್ಯವಂತ ಕಾಂಡಕೋಶಗಳನ್ನು ರಕ್ತನಾಳದ ಮೂಲಕ ಸೇರಿಸುತ್ತಾರೆ. ಅವು ಮಜ್ಜೆಯಲ್ಲಿ ನೆಲೆಯೂರಿ ಹೊಸ ರಕ್ತ ತಯಾರಿಸತೊಡಗುತ್ತವೆ.

ಹೊಕ್ಕುಳಬಳ್ಳಿಯ ರಕ್ತದಿಂದ ಇದನ್ನು ಮೊದಲ ಬಾರಿಗೆ ಮಾಡಿದ್ದು 1988ರಲ್ಲಿ, ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ, ಡಾ. ಎಲಿಯಾನ್ ಗ್ಲುಕ್‌ಮನ್ ಅವರ ತಂಡ. ಫ್ಯಾಂಕೋನಿ ಅನೀಮಿಯಾ ಇದ್ದ ಅಮೆರಿಕದ ಒಬ್ಬ ಬಾಲಕನಿಗೆ ಆಗ ತಾನೇ ಹುಟ್ಟಿದ್ದ ಅವನ ತಂಗಿಯ ಹೊಕ್ಕುಳಬಳ್ಳಿಯ ರಕ್ತ ಕೊಟ್ಟರು. ಬಾಲಕ ಗುಣವಾದ. ಕೆಲವೇ ವರ್ಷಗಳಲ್ಲಿ ನ್ಯೂಯಾರ್ಕ್ ಬ್ಲಡ್ ಸೆಂಟರ್‌ನಲ್ಲಿ ಡಾ. ಪಾಬ್ಲೊ ರುಬಿನ್‌ಸ್ಟೈನ್ ಸಾರ್ವಜನಿಕ ಬ್ಯಾಂಕ್ ಆರಂಭಿಸಿದರು. ಯಾರ ಮಗುವಿನ ರಕ್ತವಾದರೂ ಸರಿ, ಅದು ಹೊಂದುವ ರೋಗಿಗೆ ಸಿಗಬೇಕು ಎಂಬುದೇ ಅದರ ಉದ್ದೇಶ.

ಹೇಗೆ ತೆಗೆಯುತ್ತಾರೆ?

ಬಳ್ಳಿಯನ್ನು ಕ್ಲಿಪ್ ಹಾಕಿ ಕತ್ತರಿಸಿದ ಮೇಲೆ, ಮಾಸಿನ ಕಡೆಯ ತುಂಡಿನ ರಕ್ತನಾಳಕ್ಕೆ ಸೂಜಿ ಹಾಕಿ ಚೀಲಕ್ಕೆ ರಕ್ತ ಇಳಿಸುತ್ತಾರೆ. ತಾಯಿಗೂ ಮಗುವಿಗೂ ನೋವಿಲ್ಲ. ಆದರೆ ಒಂದು ಮಾತು ನೆನಪಿರಲಿ: ಬಳ್ಳಿ ಕತ್ತರಿಸಲು ಕನಿಷ್ಠ 1 ನಿಮಿಷ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಹೊತ್ತಿನಲ್ಲಿ ಮಗುವಿಗೆ ಹೋಗುವ ರಕ್ತ ಮಗುವಿನ ಹಕ್ಕು. ದಾನ ಅದರ ನಂತರ ಉಳಿದದ್ದರಲ್ಲಿ.

ಎಚ್‌ಐವಿ, ಹೆಪಟೈಟಿಸ್ ಮುಂತಾದ ಪರೀಕ್ಷೆಗಳಾಗಿ, ಕೋಶಗಳ ಸಂಖ್ಯೆ ಸಾಕಷ್ಟಿದ್ದರೆ ಮಾತ್ರ ಅದನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಸಂಗ್ರಹಿಸಿದ್ದೆಲ್ಲವೂ ಉಪಯೋಗಕ್ಕೆ ಬರುವುದಿಲ್ಲ.

ತನ್ನದೇ ರಕ್ತ ತನಗೆ ಏಕೆ ಸಾಲದು?

ಕರಪತ್ರದ ಮಾತು ಸಡಿಲವಾಗುವುದು ಇಲ್ಲೇ. ಮಗುವಿಗೆ ಮುಂದೆ ಥಲಸ್ಸೇಮಿಯಾ ಇದೆಯೆಂದು ಗೊತ್ತಾದರೆ, ಕೂಡಿಟ್ಟ ರಕ್ತದಲ್ಲೂ ಅದೇ ದೋಷದ ಜೀನ್ ಇರುತ್ತದೆ. ಮಕ್ಕಳ ರಕ್ತಕ್ಯಾನ್ಸರ್‌ನಲ್ಲೂ ರೋಗದ ಬೀಜ ಹುಟ್ಟುವಾಗಲೇ ಆ ರಕ್ತದಲ್ಲಿರಬಹುದು. ಸ್ವಂತ ಬಳಕೆಗೆಂದು ಹೀಗೆ ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಮನೆಯಲ್ಲಿ ಈಗಾಗಲೇ ಇಂತಹ ಕಾಯಿಲೆಯ ಅಣ್ಣನೋ ಅಕ್ಕನೋ ಇದ್ದರೆ ಮಾತ್ರ ವಿಷಯ ಬೇರೆ. ಆಗ ವೈದ್ಯರ ಸಲಹೆಯಂತೆ ತೆಗೆದಿಡುವುದು ಸರಿ. ಇದನ್ನು ವಿವರಿಸಿದ ಮೇಲೆ ನಮ್ಮ ಮನೆಯಲ್ಲಿ ಹಣ ಕಟ್ಟುವ ಮಾತು ನಿಂತಿತು.

ಬೇರೆಯವರ ರಕ್ತವೇ ಬೇಕು, ಆದರೆ ಅದು ಹೊಂದಬೇಕು. ಇಲ್ಲಿ ಎ, ಬಿ, ಒ ಗುಂಪು ಮುಖ್ಯವಲ್ಲ. 6ನೇ ಕ್ರೋಮೋಸೋಮ್‌ನ ಎಚ್‌ಎಲ್‌ಎ ಜೀನ್‌ಗಳು ಮುಖ್ಯ. ಒಡಹುಟ್ಟಿದವರಲ್ಲೂ ಪೂರ್ತಿ ಹೊಂದುವ ಸಾಧ್ಯತೆ ಶೇ. 25 ಮಾತ್ರ. ಹೊಕ್ಕುಳಬಳ್ಳಿಯ ರಕ್ತದ ಹೆಚ್ಚುಗಾರಿಕೆಯೆಂದರೆ, ಮುಖ್ಯವಾದ 6 ಗುರುತುಗಳಲ್ಲಿ 4 ಹೊಂದಿದರೂ ಬಳಸಬಹುದು. ಎಚ್‌ಎಲ್‌ಎ ವಂಶದಿಂದ ಬರುವುದರಿಂದ ನಮ್ಮವರಿಗೆ ಹೊಂದುವ ದಾನಿ ಸಿಗುವ ಸಾಧ್ಯತೆ ನಮ್ಮ ಜನರ ನಡುವೆಯೇ ಹೆಚ್ಚು. ನಾವೇ ಕೊಡದಿದ್ದರೆ ನಮ್ಮ ಮಕ್ಕಳಿಗೆ ಎಲ್ಲಿಂದ ಸಿಗಬೇಕು?

ಧರ್ಮದ ದೃಷ್ಟಿಯಲ್ಲಿ

ಇದು ಜಾಯಿಝೇ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಬಂದೇ ಬರುತ್ತದೆ. 2003ರ ಡಿಸೆಂಬರ್‌ನಲ್ಲಿ ಮಕ್ಕಾದಲ್ಲಿ ಸೇರಿದ ಮುಸ್ಲಿಂ ವರ್ಲ್ಡ್ ಲೀಗ್‌ನ ಫಿಕ್ಹ್ ಮಂಡಳಿ, ಹೆತ್ತವರ ಒಪ್ಪಿಗೆಯಿದ್ದರೆ ಮಾಸು ಮತ್ತು ಹೊಕ್ಕುಳಬಳ್ಳಿಯ ಕಾಂಡಕೋಶಗಳನ್ನು ಚಿಕಿತ್ಸೆಗೆ ಬಳಸಬಹುದೆಂದು ತೀರ್ಮಾನಿಸಿತು. ಸ್ತನ್ಯಪಾನದ ಸಂಬಂಧದಂತೆ ರಕ್ತದಿಂದಲೂ ನಿಕಾಹ್ ನಿಷಿದ್ಧವಾಗುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ರಕ್ತ ಕೊಡುವುದರಿಂದ ಹಾಗಾಗುವುದಿಲ್ಲ ಎಂದು ಇದೇ ಮಂಡಳಿ 1989ರಲ್ಲೇ ಹೇಳಿತ್ತು. ಹೆಚ್ಚಿನ ಸಂದೇಹವಿದ್ದರೆ ನಿಮ್ಮ ಉಸ್ತಾದರನ್ನು ಕೇಳಿ.

ನಾವೇನು ಮಾಡಬಹುದು?

ನಮ್ಮ ದೇಶದಲ್ಲಿ ಖಾಸಗಿ ಬ್ಯಾಂಕ್‌ಗಳೇ ಹೆಚ್ಚು, ಸಾರ್ವಜನಿಕ ಬ್ಯಾಂಕ್‌ಗಳು ಬೆರಳೆಣಿಕೆಯಷ್ಟು. ಅವು ತಮ್ಮೊಂದಿಗೆ ಒಪ್ಪಂದವಿರುವ ಆಸ್ಪತ್ರೆಗಳಿಂದ ಮಾತ್ರ ಸಂಗ್ರಹಿಸುತ್ತವೆ. ಆದ್ದರಿಂದ ಮನೆಯಲ್ಲಿ ಗರ್ಭಿಣಿಯರಿದ್ದರೆ ಕೆಲವು ತಿಂಗಳ ಮೊದಲೇ ವೈದ್ಯರಲ್ಲಿ ವಿಚಾರಿಸಿ. ಹೆರಿಗೆ ನೋವು ಶುರುವಾದ ಮೇಲೆ ಕೇಳಿ ಪ್ರಯೋಜನವಿಲ್ಲ. ಯಾರಾದರೂ ಕರಪತ್ರ ಕೊಟ್ಟರೆ ಎರಡು ಪ್ರಶ್ನೆ ಕೇಳಿ: ಇದು ದಾನವೇ, ಠೇವಣಿಯೇ? ಹಣ ಕಟ್ಟದ ರೋಗಿಗೂ ಇದು ಸಿಗುತ್ತದೆಯೇ? ಸಾರ್ವಜನಿಕ ಬ್ಯಾಂಕ್‌ಗೆ ದಾನ ಮಾಡಲು ಹೆತ್ತವರು ಹಣ ಕೊಡಬೇಕಾಗಿಲ್ಲ.

ದಾನದ ಅನುಕೂಲ ಹತ್ತಿರದಲ್ಲಿ ಇಲ್ಲದಿದ್ದರೂ ನಮಗೆ ಇನ್ನೊಂದು ದಾರಿಯಿದೆ. 18 ತುಂಬಿದ ಆರೋಗ್ಯವಂತರು ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾದಂತಹ ಸಂಸ್ಥೆಗಳಲ್ಲಿ ಕಾಂಡಕೋಶ ದಾನಿಗಳಾಗಿ ಹೆಸರು ನೋಂದಾಯಿಸಬಹುದು. ಅದಕ್ಕೆ ಸೂಜಿಯೂ ಬೇಡ. ಹತ್ತಿ ಸುತ್ತಿದ ಕಡ್ಡಿಯಿಂದ ಕೆನ್ನೆಯ ಒಳಭಾಗವನ್ನು ಉಜ್ಜಿ ಕೊಟ್ಟರಾಯಿತು. ನಮ್ಮಲ್ಲಿ ಹಲವರಿಗೆ ಪರೀಕ್ಷೆ ಮುಗಿಯುವ ಹೊತ್ತಿಗೆ 18 ತುಂಬುತ್ತದೆ.